ದಿನಕ್ಕೆ ಎರಡೇ ಮೊಳೆ

"ಅಲ್ಲಾಡಬೇಡಿ! ಕಾಲು ಹಾಗೇ ಇರ್ಲಿ!"

ಕೆಳಗಿನಿಂದ ಯಾರೋ ಗಂಡಸಿನ ದನಿ. ಸೀಲಿಂಗ್ ನೋಡಲು ಅಟ್ಟ ಹತ್ತಿದ್ದ ಮೊಯ್ರಾ ತೊಲೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಚಿಲಕ ಹಾಕದ ಬಾಗಿಲು ತಟ್ಟಿದ ಸದ್ದಿಗೆ ಅವಸರದಿಂದ ತಿರುಗಿದ್ದಳು. ತೊಲೆಯ ಮೇಲೆ ಬೀಳಬೇಕಿದ್ದ ಹೆಜ್ಜೆ ಸೀಲಿಂಗಿನ ತೆಳು ಪ್ಲಾಸ್ಟರ್ ಬೋರ್ಡಿನ ಮೇಲೆ ಬಿದ್ದಿತ್ತು. ಈಗ ಅವಳ ಎಡಗಾಲು ಮೊಣಕಾಲಿನವರೆಗೆ ಸೀಲಿಂಗ್ ತೂರಿ ಹಜಾರದಲ್ಲಿ ನೇತಾಡುತ್ತಿತ್ತು!

"ಯಾರ್ರೀ ಅದು?"

"ನಾನು ರಾವಿರಿ, ರಿಪೇರಿಯವನು. ಸೀಲಿಂಗ್ ಮೊಳೆಗಳು ಹೊರಗೆ ಬಂದಿವೆ ಅಂತ ಫೋನ್ ಮಾಡಿದ್ರಲ್ಲ... ಕಾಲೂ ಬಂದಿದೆ ಅಂತ ಹೇಳಿರ್ಲಿಲ್ಲ!"

ನೋವಿನಲ್ಲೂ ಅವಳಿಗೆ ನಗು ಬಂತು. ಅವನು ಏಣಿ ಹತ್ತಿ, ಚೂಪಾದ ಅಂಚು ತಾಗದಂತೆ ಒಂದೊಂದೇ ಚೂರು ಮುರಿದು, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಸರಿಸಿದ.

ಎಷ್ಟು ಮೆದು ಕೈ...

ಓಮರು ಪಟ್ಟಣದ ಆ ಮನೆಗೆ ಮೊಯ್ರಾ ಒಬ್ಬಳೇ ಬಂದು ಮೂರು ವರ್ಷವಾಗಿತ್ತು. ಹನ್ನೊಂದು ವರ್ಷ ಸುಳ್ಳಿನ ಮೇಲೇ ಸಂಸಾರ ನಡೆಸಿದ ಗಂಡನನ್ನು ಬಿಟ್ಟ ದಿನವೇ ನಿರ್ಧರಿಸಿದ್ದಳು: ಸುಳ್ಳು ಹೇಳುವವರಿಗೆ ಇನ್ನು ನನ್ನ ಬಾಗಿಲು ತೆರೆಯುವುದಿಲ್ಲ.

ರಾವಿರಿ ತೂತನ್ನು ಚೌಕವಾಗಿ ಕೊಯ್ದ. ಒಳಗೆ ಮರದ ಪಟ್ಟಿ ಕೊಟ್ಟು ಹೊಸ ತುಂಡು ಕೂರಿಸಿದ. ಸಂದಿಗೆ ಟೇಪು ಅಂಟಿಸಿ ಪುಟ್ಟಿ ಬಳಿದ.

"ಮೊಳೆಗಳನ್ನ ನಾನೇ ಸುತ್ತಿಗೇಲಿ ಹೊಡೀತಿದ್ದೆ. ಮತ್ತೆ ಹೊರಗೆ ಬರ್ತಾವೆ," ಎಂದಳು ಮೊಯ್ರಾ.

"ಬರದೇ ಇರ್ತಾವಾ? ಮರ ಒಣಗಿ ಕುಗ್ಗಿದೆ, ಬೋರ್ಡು ತೊಲೆಗೆ ಕೂತಿಲ್ಲ. ಮೊದ್ಲು ಬೋರ್ಡನ್ನ ಮೇಲಕ್ಕೆ ಒತ್ತಿ ಹಿಡೀರಿ. ಪಕ್ಕಕ್ಕೊಂದು ಸ್ಕ್ರೂ ಹಾಕಿ, ಆಮೇಲೆ ಮೊಳೆ ಕಿತ್ತುಬಿಡೋದು."

ಅವಳು ಒತ್ತಿ ಹಿಡಿದಳು. ಅವನು ಸ್ಕ್ರೂ ತಿರುಗಿಸಿದ. ಭುಜಕ್ಕೆ ಭುಜ ತಗುಲಿತು... ಇಬ್ಬರೂ ಸರಿಯಲಿಲ್ಲ.

"ಇವತ್ತಿಗೆ ಎರಡು ಮೊಳೆ ಸಾಕು. ಪುಟ್ಟಿ ಒಣಗ್ಬೇಕು," ಎಂದ ರಾವಿರಿ.

ಮರುದಿನವೂ ಎರಡೇ. ಹೀಗೇ ಆರು ದಿನ. ಕೆಲಸ ಮುಗಿದ ಮೇಲೆ ಅವಳ ಚಹಾ, ಶುಂಠಿ ಬಿಸ್ಕತ್ತು. ಬೆಳಗಾದರೆ ಅವಳ ಕಿವಿ ಅವನ ವ್ಯಾನಿನ ಸದ್ದಿಗೆ ಕಾಯತೊಡಗಿತು.

ಏಳನೆಯ ದಿನ ಬಣ್ಣ ತರಲು ಹೋದಾಗ ಹಾರ್ಡ್‌ವೇರ್ ಅಂಗಡಿಯ ಎಡ್ನಾ ಬೆರಗಾದಳು.

"ಇನ್ನೂ ಮುಗ್ದಿಲ್ವಾ? ಅವ್ನು ನಮ್ಮ ಇಡೀ ಮನೆ ಸೀಲಿಂಗನ್ನೇ ಮೂರು ದಿನಕ್ಕೆ ಮುಗಿಸ್ದ ಕಣೇ! ನಿನ್ನ ಇಪ್ಪತ್ತು ಮೊಳೆ ಒಂದು ಬೆಳಗಿನ ಕೆಲಸ."

ಮೊಯ್ರಾ ಬಣ್ಣದ ಡಬ್ಬಿ ಎತ್ತಿಕೊಂಡು ಹೊರಟಳು. ಮನೆಗೆ ಬಂದವಳೇ ಅವನ ಏಣಿಯ ಕೆಳಗೆ ನಿಂತು ಕೇಳಿದಳು. "ಈ ಕೆಲಸ ಯಾವತ್ತೋ ಮುಗೀಬಹುದಿತ್ತಾ?"

ಅವನು ಅವಳ ಕಣ್ಣನ್ನೇ ನೋಡಿದ. "ಹೌದು. ಪುಟ್ಟಿ ಒಣಗಿ ಬಣ್ಣ ಬಳಿದ್ರೂ ಮೂರನೇ ದಿನವೇ."

"ಅಂದ್ರೆ ಸುಳ್ಳು! ಒಂಟಿ ಹೆಂಗಸು, ಏನು ಹೇಳಿದ್ರೂ ನಂಬ್ತಾಳೆ ಅಂದ್ಕೊಂಡ್ರಾ? ಎಲ್ಲರ ಮನೇಲೂ ಇದೇ ಆಟಾನಾ?"

ಅವನ ಮುಖ ಬಾಡಿತು. ಉಳಿದ ಮೊಳೆಗಳನ್ನು ಮಧ್ಯಾಹ್ನದೊಳಗೆ ಮುಗಿಸಿ ಹೋದ. ಮರುದಿನ ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಬಳಿದು, "ಕ್ಷಮಿಸಿ" ಎಂದಷ್ಟೇ ಹೇಳಿ ಹೊರಟುಬಿಟ್ಟ.

ಸೀಲಿಂಗಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಮನೆ ಮಾತ್ರ ಬಿಕೋ ಎನ್ನುತ್ತಿತ್ತು.

ಎರಡು ದಿನ ಅವಳು ತನ್ನೊಳಗೇ ವಾದಿಸಿದಳು. 'ಗಂಡನನ್ನು ಕೇಳಿದಾಗಲೆಲ್ಲ ಇನ್ನೊಂದು ಸುಳ್ಳು ಹುಟ್ಟುತ್ತಿತ್ತು. ಇವನು ಕೇಳಿದ ಕೂಡಲೇ ಹೌದು ಅಂದನಲ್ಲ... ನಾನೇ ಏನೇನೋ ಅಂದುಬಿಟ್ಟೆ!'

ಮೂರನೆಯ ದಿನ ಸಂಜೆ ಅವನ ಕೆಲಸದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಆವತ್ತು ಹಾಗೆಲ್ಲ ಅನ್ನಬಾರದಿತ್ತು. ತಪ್ಪಾಯ್ತು. ಆದ್ರೆ ಒಂದು ಹೇಳಿ... ನನ್ಹತ್ರ ಇನ್ನೇನು ಸುಳ್ಳು ಹೇಳಿದ್ದೀರಿ?"

ರಾವಿರಿ ಗಂಭೀರವಾಗಿ ಯೋಚಿಸಿದ. "ನಿಮ್ಮ ಶುಂಠಿ ಬಿಸ್ಕತ್ತು ಚೆನ್ನಾಗಿದೆ ಅಂದಿದ್ದೆ. ಕಲ್ಲಿನ ಹಾಗಿತ್ತು."

"ದಿನಾ ತಿಂದ್ರಲ್ಲ!"

"ತಿನ್ನೋವಷ್ಟು ಹೊತ್ತು ನಿಮ್ಮೆದುರು ಕೂತಿರಬಹುದಿತ್ತಲ್ಲ..."

ಅವಳು ನಕ್ಕಳು. ಕಣ್ಣೂ ತುಂಬಿತು. "ಇನ್ಮೇಲೆ ನೆಪ ಬೇಡ. ನನ್ನ ನೋಡ್ಬೇಕು ಅನ್ಸಿದ್ರೆ ಹಾಗಂತ ಹೇಳಿ, ಸಾಕು."

ಅವನು ಕೈಯ ಬಿಳಿ ಪುಡಿಯನ್ನು ಅಂಗಿಗೆ ಒರೆಸಿ, ಅವಳ ಬೆರಳು ಹಿಡಿದ.

"ನಿನ್ನ ನೋಡ್ಬೇಕು ಮೊಯ್ರಾ. ದಿನಾ."

"ಹಾಗಾದ್ರೆ ನಡಿ," ಎಂದಳು ಅವಳು. "ಓವನ್ನಿನಲ್ಲಿ ಕುರಿಮಾಂಸ ಇಟ್ಟು ಬಂದಿದ್ದೀನಿ... ಇಬ್ಬರಿಗೂ."