ಎಡೆಯ ತುತ್ತು

ಶಾಲೆಯ ಹಳದಿ ವ್ಯಾನು ರಸ್ತೆಯ ಎಡಕ್ಕೆ ನೆಟ್ಟಗೆ ನಿಂತಿತ್ತು. ಅದರ ಡ್ರೈವರ್ ಮಾತ್ರ ಚರಂಡಿ ಪಕ್ಕ ಅಡ್ಡ ಬಿದ್ದಿದ್ದ.

ಕಡೂರಿನ ತೆಂಗಿನಕಾಯಿ ಮಂಡಿಗಳು ಮುಗಿಯುವ ಜಾಗ ಅದು. ಒಳಗೆ ಮಕ್ಕಳು ಅಳುತ್ತಿದ್ದವು. ಹೊರಗೆ ಅಪ್ಪಂದಿರು ಕೂಗಾಡುತ್ತಿದ್ದರು. ಒಬ್ಬರಂತೂ ಆಗಲೇ ಚಪ್ಪಲಿ ಕೈಗೆ ತೆಗೆದುಕೊಂಡಿದ್ದರು.

ಸಬ್ ಇನ್‌ಸ್ಪೆಕ್ಟರ್ ಮಾಯಾ ಜೀಪಿನಿಂದ ಇಳಿದಳು.

"ಕುಡ್ದಿದಾನೆ ಮೇಡಂ! ಮಕ್ಳನ್ನ ಕೂರಿಸ್ಕೊಂಡು ಕುಡ್ದಿದಾನೆ!" ಎಂದರು ಚಪ್ಪಲಿ ಹಿಡಿದವರು. ಅವರ ಹೆಸರು ಹನುಮಂತಪ್ಪ. ಮಗಳು ಪ್ರಿಯಾಂಕಾ ಅದೇ ವ್ಯಾನಿನಲ್ಲಿದ್ದಳು.

ಮಾಯಾ ಬಗ್ಗಿ ಮೂಸಿದಳು. ವಾಸನೆ ಇತ್ತು. ಹೆಡ್ ಕಾನ್‌ಸ್ಟೆಬಲ್ ಚಿಕ್ಕಬೀರಪ್ಪ ಡ್ರೈವರನನ್ನು ಎತ್ತಿ ಕೂರಿಸಿ, ಊದುವ ಮಷಿನ್ ಬಾಯಿಗೆ ಹಿಡಿದ. ಅಂಕಿ ಬಂತು. ಆದರೆ ಅದು ನೆಲ ಹಿಡಿಯುವವನ ಅಂಕಿಯಲ್ಲ. ಮದುವೆ ಮನೆಯಲ್ಲಿ ಒಂದು ಗುಟುಕು ಕದ್ದು ಕುಡಿದವನ ಅಂಕಿ.

ಡ್ರೈವರ್ ಹೊನ್ನೇಶನ ಮುಖ, ಕತ್ತು, ಎದೆ ಕೆಂಪಗೆ ಉರಿಯುತ್ತಿದ್ದವು. ಎದೆಬಡಿತ ಅಂಗಿಯ ಮೇಲೇ ಕಾಣುತ್ತಿತ್ತು. ಮತ್ತೊಮ್ಮೆ ವಾಂತಿ ಮಾಡಿಕೊಂಡ.

"ನಾನು ಕುಡ್ದಿಲ್ಲ ಮೇಡಂ. ನನ್ನ ಮಗಳಾಣೆ."

"ಎಲ್ಲಾ ಕುಡುಕ್ರೂ ಮಕ್ಳ ಮೇಲೇ ಆಣೆ ಇಡೋದು," ಎಂದರು ಹನುಮಂತಪ್ಪ.

ಮಾತು ಸುಳ್ಳಲ್ಲ.

ಆಂಬುಲೆನ್ಸ್ ಹೋದ ಮೇಲೆ ಮಾಯಾ ವ್ಯಾನನ್ನು ಒಂದು ಸುತ್ತು ಹಾಕಿದಳು. ಹ್ಯಾಂಡ್ ಬ್ರೇಕ್ ಎಳೆದಿತ್ತು. ಇಂಡಿಕೇಟರ್ ಇನ್ನೂ ಮಿನುಗುತ್ತಿತ್ತು. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಒತ್ತರಿಸಿ ಇಟ್ಟಿತ್ತು.

"ಕೀ ಎಲ್ಲಿ?"

"ನನ್ನ ಹತ್ರ," ಎಂದಳು ಪ್ರಿಯಾಂಕಾ ಕಣ್ಣೊರೆಸಿಕೊಳ್ಳುತ್ತ. "ಯಾರೂ ಇಳೀಬೇಡಿ, ರಸ್ತೆಗೆ ಹೋಗ್ಬೇಡಿ ಅಂತ ಅಂಕಲ್ ಕೊಟ್ರು. ಆಮೇಲೆ ಬಿದ್ರು."

"ಅಂಕಲ್ ಏನಾದ್ರೂ ಕುಡಿದ್ರಾ ಪುಟ್ಟಾ?"

"ಇಲ್ಲ. ನಮ್ಮನೆ ಹತ್ರ ಡಬ್ಬಿ ತೆಗ್ದು ತಿಂದ್ರು. ಆಮೇಲೆ ಮುಖ ಟೊಮೇಟೊ ಥರ ಆಯ್ತು."

ಮಾಯಾ ಸೀಟಿನ ಪಕ್ಕದ ಸ್ಟೀಲ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಅಷ್ಟರಲ್ಲಿ ಶಾಲೆಯ ಮಾಲೀಕರು ಓಂಕಾರಮೂರ್ತಿ ಬಂದರು. ಕೋಪಕ್ಕಿಂತ ನೋವೇ ಹೆಚ್ಚಿತ್ತು ಅವರ ದನಿಯಲ್ಲಿ.

"ಕುಡಿತ ಬಿಡಿಸೋ ಶಿಬಿರ ಮುಗಿಸ್ಕೊಂಡು ಬಂದೋನು, ಬದಲಾಗಿದಾನೆ ಅಂತ ನಾನೇ ನಂಬಿ ವ್ಯಾನ್ ಕೊಟ್ಟೆ. ಕಂಪ್ಲೇಂಟ್ ಬರ್ಕೊಳ್ಳಿ ಮೇಡಂ. ಇನ್ನು ಅವನ ಮುಖ ನೋಡಲ್ಲ."

"ಬರ್ಕೋತೀನಿ ಸರ್. ಸಾಯಂಕಾಲದ ತನಕ ಟೈಮ್ ಕೊಡಿ. ಕೀ ಕೊಟ್ಟು ಬಿದ್ದಿರೋ ಕುಡುಕನ್ನ ನಾನು ಇನ್ನೂ ನೋಡಿಲ್ಲ."

* * *

"ಇದು ಕುಡಿದ ಅಮಲಲ್ಲ," ಎಂದಳು ಆಸ್ಪತ್ರೆಯ ಡಾಕ್ಟರ್ ಕೃತಿಕಾ. "ಕುಡಿತ ಬಿಟ್ಟವರಿಗೆ ಅಂತ ಒಂದು ಮಾತ್ರೆ ಇದೆ. ಅದು ಮೈಯಲ್ಲಿದ್ದಾಗ ಒಂಚೂರು ಹೆಂಡ ಒಳಗೆ ಹೋದರೂ ಹೀಗೇ ಆಗೋದು. ಮೈ ಕೆಂಪಾಗುತ್ತೆ, ವಾಂತಿ, ಬಿ.ಪಿ. ಬಿದ್ದು ಹೋಗುತ್ತೆ. ರೋಗಿಗೆ ಎಲ್ಲಾ ತಿಳಿಸಿ, ಪರೀಕ್ಷೆ ಮಾಡಿ, ಒಪ್ಪಿದ್ರೆ ಮಾತ್ರ ಕೊಡೋ ಮಾತ್ರೆ ಅದು."

"ಇವನಿಗೆ ಯಾರು ಕೊಟ್ಟಿದ್ದು?"

"ಯಾವ ಮಾತ್ರೇನೂ ತಗೊಳ್ಳಲ್ಲ ಅಂತಾನೆ."

"ಅಂದ್ರೆ ಮಾತ್ರೆ ಕೊಟ್ಟೋರು ಇವನಿಗೆ ಹೇಳಿಲ್ಲ. ಹೆಂಡ ಕೊಟ್ಟೋರೂ ಹೇಳಿಲ್ಲ."

"ಹೃದಯ ದುರ್ಬಲ ಇದ್ದಿದ್ರೆ ಹೆಣ ಬೀಳ್ತಿತ್ತು."

ಹೊರಗೆ ಬೆಂಚಿನ ಮೇಲೆ ಹೊನ್ನೇಶನ ಹೆಂಡತಿ ಶ್ರುತಿ ಕೂತಿದ್ದಳು. ಕಾಲ ಬಳಿ ತುಂಬಿದ ಬ್ಯಾಗು. ಮಡಿಲಲ್ಲಿ ಮಲಗಿದ ಮಗಳು.

"ಅಜ್ಜಂಪುರಕ್ಕೆ, ನಮ್ಮಮ್ಮನ ಮನೆಗೆ ಹೋಗ್ತೀನಿ ಮೇಡಂ. ಇನ್ನೊಂದು ಸಲ ಕುಡಿದ್ರೆ ನಾನಿರಲ್ಲ ಅಂದಿದ್ದೆ. ಒಂದು ವರ್ಷ ಆಯ್ತಾ ಬಂತು ಬಿಟ್ಟು. ಆದ್ರೂ ದಿನಾ ಮನೆಗೆ ಬಂದಾಗ ಅವರ ಬಾಯಿ ಮೂಸ್ತಿದ್ದೆ. ಗೊತ್ತಾಗದ ಹಾಗೆ ಕುಡೀತಿದ್ರೇನೋ, ನಾನೇ ದಡ್ಡಿ."

"ಬೆಳಿಗ್ಗೆ ಯಾರಾದ್ರೂ ಸಿಕ್ಕಿದ್ರಾ ಅವರಿಗೆ?"

ಶ್ರುತಿಯ ಮುಖ ಗಂಟಾಯಿತು. "ಲಕ್ಕಣ್ಣ. ಮನೆ ಮುಂದೇನೇ ಕಾಯ್ತಿದ್ದ, ಹಳೇ ಸಾರಾಯಿ ಸ್ನೇಹಿತ."

* * *

ಲಕ್ಕಣ್ಣ ರೈಲ್ವೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಸಿಕ್ಕಿದ. ಲೋಟ ಹಿಡಿದ ಕೈ ನಡುಗಿ ಟೀ ಅರ್ಧ ಚೆಲ್ಲಿತ್ತು.

"ಹೊನ್ನೇಶನಿಗೆ ಏನು ಕುಡಿಸ್ದೆ?" ಚಿಕ್ಕಬೀರಪ್ಪ ಗದರಿದ.

"ಅಯ್ಯೋ ಸಾಮಿ, ಅವ್ನು ನನ್ನ ಕೈಯಿಂದ ನೀರೂ ಮುಟ್ಟಲ್ಲ! ನಾನೇ ಕೇಳ್ಕೊಳ್ಳಕ್ಕೆ ಹೋಗಿದ್ದೆ. ನನ್ನನ್ನೂ ಆ ಮದ್ಯ ಬಿಡಿಸೋ ಶಿಬಿರಕ್ಕೆ ಸೇರ್ಸಪ್ಪಾ ಅಂತ. ಸಾಯಂಕಾಲ ಬಾ, ನಾನೇ ಕರ್ಕೊಂಡು ಹೋಗ್ತೀನಿ ಅಂದ." ಅವನ ಕಣ್ಣು ತುಂಬಿತು. "ಕುಡ್ದಿಲ್ಲ ಇವತ್ತು. ನೋಡಿ, ಕೈ ನಡುಗ್ತಿದೆ. ಅವ್ನೇ ಬಿದ್ದೋದ ಅಂದ್ರೆ ನನ್ನ ಯಾರು ಕರ್ಕೊಂಡು ಹೋಯ್ತಾರೆ?"

ಮಾಯಾ ಮಷಿನ್ ಮುಂದೆ ಹಿಡಿದಳು. ಅವನು ಊದಿದ. ಸೊನ್ನೆ.

"ಪಾಪದೋನು ಮೇಡಂ," ಎಂದ ಚಿಕ್ಕಬೀರಪ್ಪ ಜೀಪಿನಲ್ಲಿ. "ಮತ್ತೆ ಯಾರು? ವ್ಯಾನ್ ಮೇಲೆ ಕಣ್ಣಿಟ್ಟಿರೋ ಬೇರೆ ಡ್ರೈವರ್ ಯಾರಾದ್ರೂ?"

"ಆ ಮಾತ್ರೆ ದಿನಾ ಹೊಟ್ಟೆಗೆ ಹೋಗ್ಬೇಕಂತೆ ಬೀರಪ್ಪಾ. ದಿನಾ ಕೊಡೋರು ಅಂದ್ರೆ ದಿನಾ ಉಣ್ಣೋಕೆ ಬಡಿಸೋರು. ನಡಿ, ಅವನ ಮನೆಗೆ."

* * *

ಹೊನ್ನೇಶನ ತಾಯಿ ಹಾಲಮ್ಮ ಬಾಗಿಲಲ್ಲೇ ಕೂತಿದ್ದರು. ಅತ್ತು ಅತ್ತು ಕಣ್ಣು ಊದಿತ್ತು.

ನಡುಮನೆಯಲ್ಲಿ ಹೊನ್ನೇಶನ ತೀರಿಹೋದ ಅಪ್ಪನ ಫೋಟೊ. ಅದಕ್ಕೆ ಹೊಸ ಹೂವಿನ ಹಾರ. ಮುಂದೆ ಬಾಳೆ ಎಲೆ, ವೀಳ್ಯ, ಒಂದು ಕಟ್ಟು ಬೀಡಿ. ನಿನ್ನೆ ಮಹಾಲಯ ಅಮಾವಾಸ್ಯೆ. ಊರಿಗೆ ಊರೇ ಹಿರಿಯರಿಗೆ ಎಡೆ ಇಟ್ಟಿತ್ತು. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಬಡಿಸಿ, ಬಾಗಿಲು ಮುಂದಕ್ಕೆಳೆದು, ಅವರು ಬಂದು ಉಂಡುಹೋಗಲಿ ಎಂದು ಬಿಡುವ ದಿನ. ಮಾರನೆಯ ಬೆಳಿಗ್ಗೆ ಆ ಎಲೆಯ ಮೊದಲ ತುತ್ತು ಹಿರಿಮಗನಿಗೆ.

ಬೀಡಿಯ ಪಕ್ಕದಲ್ಲಿ ಮೂಲೆ ಕತ್ತರಿಸಿದ ಒಂದು ವಿಸ್ಕಿ ಪ್ಯಾಕೆಟ್ ಇತ್ತು. ಖಾಲಿ.

ಮಾಯಾ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಬಾಡಿನ ಸಾರಿನ ಮಸಾಲೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂತು.

"ಎಡೆಗೆ ಇದನ್ನ ಸುರಿದ್ರಾ ಅಮ್ಮಾ?"

"ಹೂಂ ಕಣವ್ವಾ. ಅವ್ರಿಗೆ ಅದಿಲ್ದೆ ಉಂಡ ಅನ್ನ ಮೈಗೆ ಹತ್ತುತಿರ್ಲಿಲ್ಲ. ಪ್ರತಿ ವರ್ಷ ಸಾರಿನ ಮೇಲೆ ಸುರೀತೀನಿ."

"ಅದನ್ನೇ ಮಗನ ಡಬ್ಬಿಗೆ ಹಾಕಿದ್ರಿ."

"ಎಡೆ ಅಲ್ವಾ? ಎಡೆಗಿಟ್ಟ ಮೇಲೆ ಅದು ಹೆಂಡ ಅಲ್ಲ ಕಣವ್ವಾ, ಪರ್ಸಾದ."

ಹಾಲಮ್ಮ ಸುಳ್ಳು ಹೇಳಲಿಲ್ಲ. ಹೊನ್ನೇಶನೂ ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿ ಯಾರೂ ಎಡೆಯನ್ನು ಕುಡಿತದ ಲೆಕ್ಕಕ್ಕೆ ಸೇರಿಸಿರಲೇ ಇಲ್ಲ.

"ಸರಿ. ಬೆಳಿಗ್ಗೆ ಕಾಫಿ ಯಾರು ಮಾಡಿಕೊಡೋದು ಅವನಿಗೆ?"

ಹಾಲಮ್ಮನ ಕೈ ಸೆರಗಿನ ತುದಿ ಹಿಡಿಯಿತು. "ನಾನೇ," ಎಂದರು.

"ಅಮ್ಮಾ, ಅದರಲ್ಲಿ ಏನು ಹಾಕ್ತೀರಿ? ಹೇಳಿ. ನಿಮ್ಮ ಮಗ ಉಳಿದಿದಾನೆ. ಆದ್ರೆ ಡಾಕ್ಟ್ರಿಗೆ ಗೊತ್ತಾಗ್ಬೇಕು."

ಮುದುಕಿ ಎದ್ದು ಒಳಗೆ ಹೋದರು. ಬೆಲ್ಲದ ಡಬ್ಬಿಯ ಹಿಂದಿನಿಂದ ಪುಡಿ ಕಟ್ಟಿದ ಒಂದು ಕಾಗದದ ಪೊಟ್ಟಣ ತಂದು ಮಾಯಾಳ ಅಂಗೈಯಲ್ಲಿಟ್ಟು ಕುಸಿದರು.

"ಅವ್ರಪ್ಪ ಕುಡ್ದು ಕುಡ್ದೇ ಹೊಟ್ಟೆ ಊದ್ಕೊಂಡು ಸತ್ರು. ಇವ್ನೂ ಹಂಗೇ ಹೋಗ್ಬಾರ್ದು ಅಂತ ತರೀಕೆರೆ ಪಂಡಿತ್ರ ಹತ್ರ ತಂದೆ. ಹಿಮಾಲಯದ ಬೇರಂತೆ. ಯಾರ್ಗೂ ಹೇಳ್ಬಾರ್ದು, ಹೇಳಿದ್ರೆ ಫಲ ಕೊಡಲ್ಲ ಅಂದ್ರು. ಹೋದ ವರ್ಷದ ಎಡೆ ಆದ್ಮೇಲೆ ಅವ್ನು ಶಿಬಿರದಿಂದ ಬಂದ, ಆ ದಿನದಿಂದ ಹಾಕ್ತಿದೀನಿ. ನಾನೇ ನನ್ನ ಮಗನಿಗೆ ವಿಷ ಹಾಕ್ದೆನಾ ತಾಯಿ?"

ಮಾಯಾ ಮುದುಕಿಯ ಕೈ ಹಿಡಿದುಕೊಂಡಳು. "ಇಲ್ಲಮ್ಮ. ನಿಮ್ಮ ಕೈಯಲ್ಲಿ ಹಾಕಿಸಿದೋನು ಬೇರೆ. ಅಂಗಡಿ ತೋರಿಸ್ತೀರಾ?"

* * *

ತರೀಕೆರೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಮಹಡಿ ಮೇಲೊಂದು ಕೋಣೆ. 'ಕುಡಿತ ಬಿಡಿಸಲಾಗುವುದು, ಕುಡಿಯುವವರಿಗೆ ತಿಳಿಯದಂತೆ' ಎಂಬ ಬೋರ್ಡು. ಒಳಗೆ ಪಂಡಿತ ಚಂದ್ರಕುಮಾರ್, ಹಣೆ ತುಂಬಾ ವಿಭೂತಿ.

ಮಾಯಾ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಹಾಲಮ್ಮ.

"ಇವ್ರ ಮಗನಿಗೆ ಗುಣ ಆಗಿದೆಯಂತೆ. ನಮ್ಮನೆಯವ್ರಿಗೂ ಬೇಕಿತ್ತು. ಅವ್ರಿಗೆ ಹಾರ್ಟ್ ವೀಕು. ಕೊಡ್ಬಹುದಾ?"

"ಧಾರಾಳವಾಗಿ ಕೊಡಿ ತಾಯಿ. ಶುದ್ಧ ಬೇರು. ಎಳೆ ಮಗೂಗೂ ಏನಾಗಲ್ಲ."

"ನೀವು ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು ತೋರಿಸ್ತೀರಾ? ಒಂಚೂರು ಧೈರ್ಯ ಬರ್ಲಿ ಅಂತ."

ಪಂಡಿತ ನಕ್ಕ. ನಗು ಪೂರ್ತಿ ಬರಲಿಲ್ಲ. ಮಾಯಾ ಬಗ್ಗಿ ಅವನ ಮೇಜಿನ ಕೆಳಗಿದ್ದ ಅರ್ಧ ಖಾಲಿ ಬ್ರಾಂದಿ ಬಾಟಲಿ ಎತ್ತಿ ಮೇಲಿಟ್ಟಳು. ಒಳಗೆ ಕಾಲಿಟ್ಟಾಗಲೇ ಅದರ ಕುತ್ತಿಗೆ ಕಂಡಿತ್ತು.

"ಕುಡಿತ ಬಿಡಿಸೋರಿಗೇ ಕುಡಿತ ಇದೆ. ಮನೆ ಮದ್ದು ಯಾಕೆ ತಗೊಂಡಿಲ್ಲ ಪಂಡಿತ್ರೇ?"

ಅವನು ಪುಡಿ ನೋಡಿದ. ಬಾಟಲಿ ನೋಡಿದ. ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು.

"ಬೇಡ. ಅದೂ ಇದೂ ಸೇರ್ಬಾರ್ದು," ಎಂದುಬಿಟ್ಟ.

"ಬೇರು ಅಂದ್ರಲ್ಲ? ಸೇರಿದ್ರೆ ಏನಾಗುತ್ತೆ ಅಂತ ಈ ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

ಹಿಂದಿನ ಮೆಟ್ಟಿಲಿನಿಂದ ಬಂದಿದ್ದ ಚಿಕ್ಕಬೀರಪ್ಪ ಒಳಕೋಣೆಯಿಂದ ಕೂಗಿದ. ಅಲ್ಲಿ ಒಂದು ಮಿಕ್ಸಿ, ಒಂದು ಚೀಲ ಕಡಲೆಹಿಟ್ಟು, ಗೋಣಿ ತುಂಬಾ ಡಾಕ್ಟರ್ ಹೇಳಿದ್ದ ಅದೇ ಮಾತ್ರೆಯ ಹರಿದ ಖಾಲಿ ಹಾಳೆಗಳು. ಬೇರು ಹುಡುಕಿದರೂ ಒಂದೂ ಸಿಗಲಿಲ್ಲ. ಪಂಡಿತ ಜೀಪು ಹತ್ತಿದ. ಪೊಟ್ಟಣಗಳು ಪರೀಕ್ಷೆಗೆ ಹೋದವು.

* * *

ಸಂಜೆ ವಾರ್ಡಿನಲ್ಲಿ ಎಲ್ಲರೂ ಸೇರಿದ್ದರು. ಹೊನ್ನೇಶ್ ದಿಂಬಿಗೊರಗಿ ಕೂತಿದ್ದ. ಓಂಕಾರಮೂರ್ತಿ ಬಂದಿದ್ದರು. ಶ್ರುತಿ ಬಾಗಿಲಲ್ಲಿ, ಬ್ಯಾಗು ಹೆಗಲಲ್ಲೇ.

ಮಾಯಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಕಾಫಿಯ ಪುಡಿ, ಎಡೆಯ ವಿಸ್ಕಿ, ಎರಡೂ ಒಂದೇ ಹೊಟ್ಟೆಯಲ್ಲಿ ಸೇರಿದ್ದು.

"ವಾಸನೆ ಬರ್ಲಿಲ್ವಾ ನಿನಗೆ?" ಓಂಕಾರಮೂರ್ತಿ ಕೇಳಿದರು.

"ಬಂತು ಸಾರ್. ಎಡೆ ಸಾರು ಚಿಕ್ಕಂದಿನಿಂದ್ಲೂ ಹಂಗೇ ಇರುತ್ತೆ. ಅಪ್ಪನ ವಾಸನೆ ಅಂದ್ಕೊಂಡೆ." ಅವನು ತಲೆ ತಗ್ಗಿಸಿದ. "ಆದ್ರೆ ಮೇಡಂ, ಹಂಗಾದ್ರೆ ಕುಡಿತ ಬಿಟ್ಟಿದ್ದು ನಾನಲ್ಲ. ಆ ಪುಡಿ."

"ಅಲ್ಲ ಕಣಪ್ಪಾ," ಎಂದಳು ಮಾಯಾ. ದನಿ ಮೆತ್ತಗಾಗಿತ್ತು. "ಆ ಮಾತ್ರೆ ಕುಡಿಯೋ ಆಸೆ ತೆಗೆಯಲ್ಲ. ಕುಡಿದವನನ್ನ ಕೆಡವುತ್ತೆ, ಅಷ್ಟೇ. ಹೆಚ್ಚುಕಮ್ಮಿ ಒಂದು ವರ್ಷದಿಂದ ದಿನಾ ನಿನ್ನ ಮೈಯಲ್ಲಿ ಅದಿತ್ತು. ಯಾವತ್ತಾದ್ರೂ ಒಂದು ಗುಟುಕು ಕದ್ದು ಕುಡಿದಿದ್ರೆ ಅವತ್ತೇ ಬೀಳ್ತಿದ್ದೆ. ನೀನು ಮೊದಲನೇ ಸಲ ಬಿದ್ದಿದ್ದು ಇವತ್ತು. ಅದೂ ಎಡೆ ಉಂಡು."

ಡಾಕ್ಟರ್ ಕೃತಿಕಾ ತಲೆಯಾಡಿಸಿದಳು. "ಇದಕ್ಕಿಂತ ಒಳ್ಳೇ ಸಾಕ್ಷಿ ನನ್ನ ಲ್ಯಾಬಿನಲ್ಲೂ ಸಿಗಲ್ಲ."

ಶ್ರುತಿಯ ಹೆಗಲಿಂದ ಬ್ಯಾಗು ಜಾರಿ ಕೆಳಗೆ ಬಿತ್ತು. ಅವಳು ಬಂದು ಮಂಚದ ಮೇಲೆ ಕೂತು ಗಂಡನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

"ದಿನಾ ಮೂಸ್ತಿದ್ದೆ ಕಣ್ರೀ," ಎಂದಳು. "ಇನ್ಮೇಲೆ ಮೂಸಲ್ಲ."

ಆಮೇಲೆ ಅತ್ತೆಯ ಕಡೆ ತಿರುಗಿ ಕೈ ಮುಗಿದಳು. "ನೀವು ಹಾಕಿದ್ದು ತಪ್ಪು ಅತ್ತೆ. ಆದ್ರೂ ಇವ್ರು ಎಂಥೋರು ಅಂತ ನನಗೆ ತೋರಿಸ್ಕೊಟ್ರಿ."

ಬಾಗಿಲಲ್ಲಿ ಹನುಮಂತಪ್ಪ ನಿಂತಿದ್ದರು. ಚಪ್ಪಲಿಯನ್ನು ಈಗ ಹೊರಗೆ ಬಿಟ್ಟಿದ್ದರು. ಪ್ರಿಯಾಂಕಾಳನ್ನು ಮುಂದೆ ಮಾಡಿ ಕೈ ಮುಗಿದರು.

"ಕಣ್ಣು ಕತ್ತಲೆ ಬಂದ್ರೂ ಬ್ರೇಕ್ ಎಳೆದು, ಕಲ್ಲು ಇಟ್ಟು ಬಿದ್ದಿದೀಯ," ಎಂದರು ಓಂಕಾರಮೂರ್ತಿ. "ನಮ್ಮ ಮಕ್ಕಳು ಬದುಕಿದ್ದು ನಿನ್ನಿಂದ. ಕೀ ನಿನಗೇ ಇಟ್ಟಿದೀನಿ. ಮೈ ಸರಿ ಆದ್ಮೇಲೆ ಬಾ."

ಎಲ್ಲರ ಹಿಂದೆ ಲಕ್ಕಣ್ಣ, ನಡುಗುವ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು.

"ಡಾಕ್ಟ್ರೇ, ಇವನನ್ನ ಶಿಬಿರಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ," ಎಂದ ಹೊನ್ನೇಶ್. "ನಾನು ಏಳೋ ತನಕ ಇಲ್ಲೇ ಒಂದು ಮಂಚ ಕೊಡ್ತೀರಾ?" ಕೃತಿಕಾ ಲಕ್ಕಣ್ಣನ ಕೈ ನೋಡಿ ನರ್ಸನ್ನು ಕರೆದಳು.

ಹಾಲಮ್ಮ ಇಷ್ಟು ಹೊತ್ತೂ ಮೂಲೆಯಲ್ಲಿದ್ದರು. ಮೆಲ್ಲಗೆ ಬಂದು ಮಗನ ತಲೆ ಸವರಿದರು.

"ಬರೋ ವರ್ಷ ನಿಮ್ಮಪ್ಪಂಗೆ ಎಳನೀರು ಇಡ್ತೀನಿ ಕಣೋ. ಬಯ್ಕೊಂಡ್ರೆ ಬಯ್ಕೊಳ್ಲಿ."

"ಬಯ್ಯಲ್ಲ ಕಣವ್ವಾ," ಎಂದ ಹೊನ್ನೇಶ್. "ಬದುಕಿದ್ದಾಗ ಅವ್ರಿಗೆ ಎಳನೀರು ಯಾರೂ ಕೊಟ್ಟೇ ಇರ್ಲಿಲ್ಲ."