ಎಡಗಣ್ಣಿನ ಕಡೆ

"ಏಯ್! ಗದಾ ಕೆಳಗಿಡ್ರಿ ಮೊದಲ!"

ಆ ಗರ್ಜನೆಗೆ ತನುಜಾ ಬೆಚ್ಚಿದಳು. ತಲೆಯ ಹಿಂದೆ ತೂಗುತ್ತಿದ್ದ ಗದೆ ಕೈಜಾರಿ ಗರಡಿಮನೆಯ ಕೆಂಪು ಮಣ್ಣಿಗೆ ಧೊಪ್ಪನೆ ಬಿತ್ತು.

ಬಾಗಿಲಲ್ಲಿ ಕೊಟ್ರೇಶ ನಿಂತಿದ್ದ. ಹಾನಗಲ್ಲಿನ ಹೆಸರುವಾಸಿ ಪೈಲ್ವಾನ, ಆ ಗರಡಿಯ ಉಸ್ತಾದ.

"ಹೆಗಲ ಕಿತ್ತು ಬಂದ್ರ ಯಾರು ಹೊಣಿ?"

"ನಾನ ಹೊಣಿರಿ! ಪೊಲೀಸ್ ಪರೀಕ್ಷಾಕ್ಕ ಹೊಂಟೇನಿ. ಗುಂಡು ಎಸದ್ರ ಗೆರಿ ಮುಟ್ಟವಲ್ದು. ಹೆಗಲಿಗೆ ಕಸುವು ಬೇಕು. ಕಲಸ್ತೀರೋ, ಇಲ್ಲೋ?"

ಅವನು ಅವಳನ್ನೇ ನೋಡಿದ. ಸಿಟ್ಟು ಎಲ್ಲಿ ಹೋಯಿತೋ... ನಕ್ಕುಬಿಟ್ಟ.

"ಕಲಸ್ತೇನಿ. ಆದ್ರ ಈ ಗದಾ ನಿಮಗಲ್ಲ."

ಲೇತ್ ಅಂಗಡಿಯಲ್ಲಿ ಅವಳಿಗಾಗಿಯೇ ಒಂದು ಗದೆ ಮಾಡಿಸಿದ. ತುದಿಗೆ ಕಬ್ಬಿಣದ ಬಿಲ್ಲೆಗಳು. ಬೇಕಾದರೆ ಸೇರಿಸಬಹುದು, ಬೇಡವಾದರೆ ತೆಗೆಯಬಹುದು. ಅವು ಕಳಚದಂತೆ ಮೇಲೊಂದು ಬೋಲ್ಟು.

"ಭಾರ ಎಷ್ಟಂತ ಹೆಗಲನ್ನ ಕೇಳು, ಮನಸ್ಸನ್ನ ಕೇಳಬ್ಯಾಡ" ಎನ್ನುತ್ತಿದ್ದ. ಅವನ ಬಾಯಲ್ಲಿ 'ನೀವು' ಯಾವಾಗ 'ನೀ' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಗುಂಡು ಗೆರೆ ದಾಟಿತು. ಅವಳ ಮನಸ್ಸೂ ದಾಟಿತ್ತು!

ಆ ದಿನ ಅವಳು ಇನ್ನೊಂದು ಬಿಲ್ಲೆ ಸೇರಿಸಿ ಬೋಲ್ಟು ತಿರುಗಿಸುತ್ತಿದ್ದಳು.

"ತನು... ಸೋಮವಾರ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ತೇನಿ. ನಿನ್ನ ಕೇಳಾಕ."

ಅವಳ ಎದೆ ಝಲ್ಲೆಂದಿತು. ಮುಖ ಕೆಂಪೇರಿದ್ದು ಅವನಿಗೆ ಕಾಣಬಾರದೆಂದು ಬೆನ್ನು ತಿರುಗಿಸಿ, ಗದೆ ಎತ್ತಿ ಬೀಸಿದಳು.

ಬೋಲ್ಟು ಇನ್ನೂ ಸಡಿಲವಾಗಿತ್ತು.

ಬಿಲ್ಲೆ ಹಾರಿತು. ಹಿಂದಿನಿಂದ ಒಂದು ಚೀತ್ಕಾರ ಕೇಳಿಸಿತು. ತಿರುಗಿ ನೋಡಿದಾಗ ಕೊಟ್ರೇಶ ಮುಖ ಮುಚ್ಚಿಕೊಂಡು ಮಣ್ಣಿನಲ್ಲಿ ಮಂಡಿಯೂರಿದ್ದ. ಬೆರಳುಗಳ ಸಂದಿಯಿಂದ ರಕ್ತ...

ಎಡಗಣ್ಣು ಉಳಿಯಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಅವನ ತಾಯಿ ಸರೋಜವ್ವ ಅಡ್ಡ ನಿಂತಳು.

"ನನ್ನ ಕೈಲೇ ಆತ್ರಿ ಅತ್ತಿ... ಒಮ್ಮೆ ನೋಡಾಕ ಬಿಡ್ರಿ..."

"ಅತ್ತಿ ಅನಬ್ಯಾಡ! ನಿನ್ನ ಮಾರಿ ಸೈತ ನೋಡಂಗಿಲ್ಲ ಅಂದಾನ ಅವ. ಹೋಗು!"

ತನುಜಾ ಹೋದಳು. ಪೊಲೀಸ್ ಪರೀಕ್ಷೆಗೂ ಹೋಗಲಿಲ್ಲ. ಆ ಕೈಗಳಿಂದ ಇನ್ನೇನು ಎತ್ತುವುದು? ಹಿರೇಕೆರೂರಿನ ಅಕ್ಕನ ಮನೆ ಸೇರಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು. ನೋಡಲು ಬಂದ ವರಗಳಿಗೆಲ್ಲ ಒಂದೇ ಮಾತು: ಒಲ್ಲೆ.

ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅಂಗಡಿ ಮೆಟ್ಟಿಲ ಮೇಲೆ ನೆರಳು ಬಿತ್ತು.

"ಯಾವ ಸೀರಿ ತೋರಸ್ಲಿರಿ?" ತಲೆ ಎತ್ತದೆ ಕೇಳಿದಳು.

"ಸೀರಿ ಬ್ಯಾಡವಾ. ನೀ ಬಾ."

ಸರೋಜವ್ವ! ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಗರಡಿಗೆ ಕೀಲಿ ಹಾಕ್ಯಾನ. ಮನ್ನೆ ನೀರಿಗೆ ಬೀಳಾಕ ಹೋದವನ್ನ ಆನಿಕೆರಿ ದಂಡಿಯಿಂದ ಮಂದಿ ಎಬ್ಬಿಸಿಕೊಂಡು ಬಂದ್ರು... ತಂಗಿ, ಅವ ನಿನಗ ಏನೂ ಅಂದಿದ್ದಿಲ್ಲ. ಎಚ್ಚರಾದಾಗಿಂದ ನಿನ್ನನ್ನ ಕೇಳತಿದ್ದ. ನಾನ ಹೇಳಿದೆ, 'ಬಂದಿದ್ಲು, ನಿನ್ನ ಮಾರಿ ನೋಡಿ ಹೇಸಿ ಓಡಿಹೋದ್ಲು' ಅಂತ."

ತನುಜಾಳ ಕೈಯಲ್ಲಿದ್ದ ಸೀರೆಯ ಮಡಿಕೆ ಬಿಚ್ಚಿಹೋಯಿತು. ಅವನು ಅದನ್ನು ನಂಬಿಕೊಂಡು ಬದುಕಿದ್ದನೇ?

"ನನಗ ಹೊಡೀಬೇಕಿತ್ರಿ. ಬೈಬೇಕಿತ್ರಿ. ಇದೇನ್ ಮಾಡಿದ್ರಿ!"

ಸೀರೆಯನ್ನು ಹಾಗೇ ಬಿಟ್ಟು ತನುಜಾ ಮೆಟ್ಟಿಲಿಳಿದಳು. ಇಬ್ಬರೂ ಹಾನಗಲ್ಲಿನ ಬಸ್ಸು ಹತ್ತಿದರು.

ಗರಡಿಯ ಹಿತ್ತಲಲ್ಲಿ ಕೊಟ್ರೇಶ ಕಲ್ಲಿನ ಮೇಲೆ ಕೂತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದವನು ಅವಳನ್ನು ಕಂಡು ಥಟ್ಟನೆ ಎಡಗಣ್ಣಿಗೆ ಕೈ ಅಡ್ಡ ಹಿಡಿದ.

"ಯಾಕ ಬಂದಿ? ಕನಿಕರಕ್ಕೇನು?"

"ಸಿಟ್ಟಿಗೆ ಬಂದೇನಿ. ನಾ ಹೇಸಿ ಓಡಿಹೋದೆ ಅಂದ್ರ ನಂಬಿದ್ರಲ್ಲ! ನೀವು ನನ್ನ ಮಾರಿ ನೋಡಂಗಿಲ್ಲ ಅಂದೀರಂತ ನನ್ನ ಬಾಗಿಲಿಂದನ ಕಳಿಸಿದ್ರು."

ಅವನು ಬಾಗಿಲ ಬಳಿ ನಿಂತಿದ್ದ ತಾಯಿಯ ಕಡೆ ನೋಡಿದ. ಸರೋಜವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನಿಗೆ ಎಲ್ಲ ಅರ್ಥವಾಯಿತು.

"ನೀನೂ ನಂಬಿದಿ..." ಎಂದ.

"ನಂಬಿದೆ. ನಂದೂ ತಪ್ಪು."

"ಕುಸ್ತಿ ಹೋತು ತನು. ಒಂದ ಕಣ್ಣಿಗೆ ಅಂದಾಜು ಸಿಗವಲ್ದು, ಕಪ್ಪಿನಿಂದ ಬಸಿಗಿ ಚಾ ಸುರುವಿದ್ರ ಹೊರಗ ಬೀಳ್ತೈತಿ. ಇಂಥಾವನ್ನ ಕಟಗೊಂಡು ದಿನಾ ಈ ಗಾಯ ನೋಡ್ತಿಯೇನು? ನೋಡಿ ನೋಡಿ ಸಾಯ್ತಿ."

"ನೋಡಲಾರದನೂ ಸತ್ತೇನಿ." ಅವಳ ದನಿ ಒಡೆಯಿತು. "ಹೋದ ಕಣ್ಣು ತರಾಕ ನನ್ನ ಕೈಲಿ ಆಗಂಗಿಲ್ಲ. ಆದ್ರ ನಿಮ್ಮನ್ನ ಬಿಟ್ಟು ನನಗ ಬಾಳೇವು ಇಲ್ಲರಿ... ಇಷ್ಟ ಗೊತ್ತು."

ಅವನ ಕೈ ಮೆಲ್ಲಗೆ ಕೆಳಗಿಳಿಯಿತು. ಹೊಲಿಗೆ ಬಿದ್ದು ಗುಳಿಯಾದ ರೆಪ್ಪೆ. ತನುಜಾ ನೋಟ ತಿರುಗಿಸಲಿಲ್ಲ. ಸುತ್ತಿ ಹೋಗಿ ಅವನ ಎಡಕ್ಕೆ ಕೂತಳು.

"ಈ ಕಡೆ ಬಾ. ಅಲ್ಲಿ ಕುಂತ್ರ ನೀ ನನಗ ಕಾಣಂಗಿಲ್ಲ" ಎಂದ ಕೊಟ್ರೇಶ.

ಅವಳು ಅವನ ಒರಟು ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಕಾಣೋದು ಬ್ಯಾಡ್ರಿ. ಇದ್ದೇನಿ ಅಂತ ಗೊತ್ತಾಗ್ತೈತಿಲ್ಲೋ?"

"...ಹ್ಞೂಂ. ಗೊತ್ತಾಗ್ತೈತಿ."