ಹೊಸ ಅಕ್ಕಿಯ ಪಾಲು

"ಅದನ್ನು ಬಾಯಿಗೆ ಹಾಕಬೇಡ ಪುತಾ," ಎಂದಳು ಲಿಜ್ಜಿ, ಮಗನಂಥ ಆಲ್ರೊಯ್‌ಗೆ. "ಈ ತೋಟದ ಹೊಸ ಅಕ್ಕಿ ತಿಂದವರಲ್ಲಿ ಎಲ್ಲರಿಗಿಂತ ಸಣ್ಣವರನ್ನು ಆ ಬಾವಿ ತೆಗೆದುಕೊಳ್ತದೆ."

ಆಲ್ರೊಯ್ ನಕ್ಕ. "ಬಾವಿಗೆ ಬರ್ತ್ ಸರ್ಟಿಫಿಕೇಟ್ ತೋರಿಸೋದು ಯಾರು ಆಂಟಿ?"

ಲಿಜ್ಜಿ ನಗಲಿಲ್ಲ. ಮೇಜಿನ ಆಚೆ ಚಿಕ್ಕಪ್ಪ ಮೈಕಲ್ ತಲೆ ತಗ್ಗಿಸಿ ತೆನೆ ಸುಲಿಯುತ್ತಿದ್ದ.

ಕೊಲ್ಲಿ ಯುದ್ಧ ಮುಗಿದ ಮರುವರ್ಷ ವಫ್ರಾದ ಈ ಮರಳಿಗೆ ಮೊದಲು ನೇಗಿಲು ಹಾಕಿದವನು ಮೈಕಲ್. ಎಣ್ಣೆಬಾವಿಗಳ ಮಸಿ ಬಿದ್ದು ಕಪ್ಪಾದ ನೆಲ, ಒಂದು ತಗಡಿನ ಶೆಡ್ಡು, ಹೆಂಡತಿ ಲಿಜ್ಜಿ, ಇಬ್ಬರು ಮಕ್ಕಳು. ತೋಡಿದ ಬಾವಿಯಲ್ಲಿ ಉಪ್ಪುನೀರು. ರಜೆಗೆ ಊರಿಗೆ ಹೋದವನು ಮಂತ್ರವಾದಿಯೊಬ್ಬ ಬರೆದುಕೊಟ್ಟ ತಾಮ್ರದ ತಗಡು ತಂದು ಬಾವಿಗಿಳಿಸಿದ. ಹೊಸ ತೆನೆಯ ಮೊಂತಿ ಹಬ್ಬಕ್ಕೆ ಎಲ್ಲರೂ ಅಲ್ಲೇ ಬೆಳೆದ ಹೊಸ ಅಕ್ಕಿ ಉಂಡರು. ಮಗಳು ಜ್ವರ ಬಂದು ಹೋದಳು. ಅಂದೇ ನೀರು ಸಿಹಿಯಾಯಿತು. ಕೆಲವು ವರ್ಷದ ಮೇಲೆ ನೀರು ಮತ್ತೆ ಉಪ್ಪಾಯಿತು, ಮತ್ತೆ ಹಬ್ಬದೂಟವಾಯಿತು, ಮಗ ಹೋದ. ಆಮೇಲೆ ಗಂಡಹೆಂಡತಿ ಹೊಸ ಅಕ್ಕಿ ಮುಟ್ಟಿರಲಿಲ್ಲ.

ಈಗ ಬಾವಿ ಮತ್ತೆ ಉಪ್ಪು. ಸೌತೆಬಳ್ಳಿಗಳು ಸುಟ್ಟು ನಿಂತಿದ್ದವು. ತೋಟ ಮುಚ್ಚುತ್ತೇನೆ ಎಂದಿದ್ದ ಜಮೀನಿನ ಅರಬ್ ಒಡೆಯ, ಕಫೀಲ್. ಕೃಷಿ ಡಿಪ್ಲೊಮಾ ಓದಿದ ಅಣ್ಣನ ಮಗನನ್ನು ಮೈಕಲ್ ಕರೆಸಿದ್ದು ಅದಕ್ಕೆ. ಆದರೆ ನೆರಳುಬಲೆಯ ಕೆಳಗೆ ತೊಟ್ಟಿಯೊಂದರಲ್ಲಿ ಮೈಕಲ್ ಹಿಡಿಯಷ್ಟು ಭತ್ತ ಬೆಳೆದದ್ದು ಲಿಜ್ಜಿಗೂ ಗೊತ್ತಿರಲಿಲ್ಲ.

"ಅದು ಜ್ವರ ಆಂಟಿ. ಈ ನೀರಿಗೆ ಬೇಕಾದದ್ದು ಒಳ್ಳೆ ಫಿಲ್ಟರ್."

ಮೈಕಲ್ ಹಾಲಿನಲ್ಲಿ ಅಕ್ಕಿಕಾಳು ತೇಲಿಸಿದ ಬಟ್ಟಲನ್ನು ಮುಂದೆ ತಳ್ಳಿದ. "ತಿನ್ನು."

ಆಲ್ರೊಯ್ ಕುಡಿದ. ಹಸಿ ಹುಲ್ಲಿನ ರುಚಿ. ಗಂಟಲಿಳಿಯುವಾಗ ಉಪ್ಪು.

ಮನೆಯಲ್ಲಿಲ್ಲದವರ ಹಬ್ಬದ ಪಾಲು ಅವರಿದ್ದಲ್ಲಿಗೆ ಹೋಗಲೇಬೇಕು. ಊರಿಂದ ಕೆನಡಾದವರೆಗೂ ಅಂಚೆಯಲ್ಲಿ ಕಳಿಸುತ್ತಾರೆ. ಮೈಕಲ್ ನಾಲ್ಕು ಕಾಳನ್ನು ಬಾಳೆಲೆಯ ಚೂರಿನಲ್ಲಿ ಮಡಚಿದ. "ರಿಯೋನಾಗೆ."

ಲಿಜ್ಜಿ ಆಲ್ರೊಯ್‌ನ ಮಣಿಕಟ್ಟು ಹಿಡಿದಳು. "ಹೆಂಡ್ತಿಗೆ ಬೇಡ ಮಾರಾಯ."

"ಅವಳು ನನಗಿಂತ ಒಂದು ವರ್ಷ ದೊಡ್ಡವಳು. ಹೋದ್ರೆ ನಾನೇ ಹೋಗೋದು. ಹೆದರ್ಬೇಡಿ."

ಆಲ್ರೊಯ್ ಸಾಲ್ಮಿಯಾ ಪಟ್ಟಣದ ಫ್ಲಾಟು ತಲುಪಿದಾಗ ರಿಯೋನಾ ಆಗಷ್ಟೇ ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದಳು. ಅವಳು ಬಸುರಿ. ಹಿಂದಿನದು ನಿಂತಿರಲಿಲ್ಲವಾದ್ದರಿಂದ ಈ ಸಲ ಗಂಡಹೆಂಡತಿ ಯಾರಿಗೂ ಹೇಳಿರಲಿಲ್ಲ. ಬಾಳೆಲೆ ಬಿಡಿಸಿ ಮೂಸಿದಳು.

"ನಮ್ಮ ಮನೆ ವಾಸನೆ ಉಂಟು ಇದರಲ್ಲಿ," ಎಂದು ಕಾಳನ್ನೆಲ್ಲ ಬಾಯಿಗೆ ಹಾಕಿಕೊಂಡಳು. "ಒಂದು ಕಾಳು ಇವನಿಗೆ," ಎಂದು ಹೊಟ್ಟೆ ಸವರಿ, ಮಲಗಲು ಒಳಗೆ ಹೋದಳು.

ಮಧ್ಯಾಹ್ನ ಧೂಳು ಎದ್ದಿತು. ಕಿಟಕಿ ಕೆಂಪಾಗಿ, ಕಂದಾಗಿ, ಕಪ್ಪಾಯಿತು. ಆಲ್ರೊಯ್ ಸ್ವಿಚ್ ಒತ್ತಿದ. ಬೆಳಕು ಬರಲಿಲ್ಲ. ಎಸಿ ನಿಂತ ಮೌನದಲ್ಲಿ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ಹೋಗಿ ತಿರುಗಿಸಿದ. ಬಿಗಿಯಾಗಿಯೇ ಇತ್ತು. ಆದರೂ ತೊಟ್ಟಿಕ್ಕುತ್ತಿತ್ತು. ತಾಮ್ರದ ವಾಸನೆ. ಹಳೇ ಬಾವಿಯ ಪಾಚಿಯ ವಾಸನೆ.

ನೆಲ ಒದ್ದೆ. ಪಾದ ಒದ್ದೆ.

ನನಗೇ ಬಂದಿದೆ, ಅಂದುಕೊಂಡ. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟ. ಏನೋ ಹತ್ತಿರ ಬಂತು. ತಣ್ಣಗಿತ್ತು. ಮುಖದ ಮುಂದೆ ನಿಂತಿತು. ಮೂಸಿತು. ಉಸಿರು ಹಿಡಿದ. ಅದು ಕಾಯಿತು. ಕೆನ್ನೆ ಸವರಿತು. ಬಿಟ್ಟಿತು. ದಾಟಿತು. ಮಲಗುವ ಕೋಣೆಯ ಬಾಗಿಲು ಕಿರ್ರೆಂದಿತು.

ಕರೆಂಟು ಬಂತು. ನೆಲ ಒಣಗಿತ್ತು. ಆಲ್ರೊಯ್ ತನ್ನ ಎದೆ ಮುಟ್ಟಿ ನೋಡಿಕೊಂಡ. ಬದುಕಿದ್ದ. ನಗು ಬಂತು.

"ಆಲ್ರೊಯ್." ಒಳಗಿಂದ ರಿಯೋನಾಳ ದನಿ ಸಪಾಟಾಗಿತ್ತು, ವಾರ್ಡಿನಲ್ಲಿ ಮಾತಾಡುವ ಹಾಗೆ. "ಟವೆಲ್ ತಾ. ರಕ್ತ ಹೋಗ್ತಾ ಉಂಟು. ಆಂಬುಲೆನ್ಸಿಗೆ ನಾನೇ ಫೋನ್ ಮಾಡಿದ್ದೇನೆ."

ಟವೆಲ್ ಕೊಟ್ಟ. ಹಾಸಿಗೆ ನೋಡಿದ. ಅವಳ ಪಕ್ಕ ಕೂತ. ಜೇಬಿನಲ್ಲಿ ಅವನ ಮೊಬೈಲ್ ಹೊಡೆದುಕೊಂಡಿತು.

"ಪುತಾ, ಇದ್ದೀಯಾ?" ಲಿಜ್ಜಿ ಅಳುತ್ತಿದ್ದಳು.

"ಇದ್ದೇನೆ."

"ರಿಯೋನಾ?"

"ಇದ್ದಾಳೆ."

ಆಕೆಯ ಅಳು ನಿಂತಿತು. "ಬಾವಿ ಸಿಹಿಯಾಗಿದೆ. ಹಾಗಾದ್ರೆ ಹೋದದ್ದು ಯಾರು?"

ಆಲ್ರೊಯ್ ರಿಯೋನಾಳ ಹೊಟ್ಟೆಯ ಮೇಲೆ ಕೈ ಇಟ್ಟ. ಫೋನಿನ ಆ ತುದಿಯಲ್ಲಿ, ದೂರದಲ್ಲಿ, ಮೈಕಲ್ ಪಂಪು ಚಾಲೂ ಮಾಡಿದ ಸದ್ದು ಕೇಳಿಸಿತು.